ನೆಲದಡಿಯ ನಕ್ಷೆ ಬರೆಯುವುದು ಹೇಗೆ? ಡಂಜನ್ ವಿನ್ಯಾಸದ ಐವತ್ತು ವರ್ಷಗಳ ವಾದ, ಪನ್ಹಾಳದ ಕಲ್ಲುಗಳ ನಡುವೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಮತ್ತು ಅದರ ವಂಶದ ಪಾತ್ರಾಭಿನಯ ಆಟಗಳಲ್ಲಿ ಒಬ್ಬರು ಸೂತ್ರಧಾರರಾಗುತ್ತಾರೆ, ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ವಹಿಸುತ್ತಾರೆ. ಸೂತ್ರಧಾರರ ಮುಂದೆ ಗ್ರಾಫ್ ಹಾಳೆಯ ಮೇಲೆ ಬರೆದ ನೆಲದಡಿಯ ನಕ್ಷೆ ಇರುತ್ತದೆ. ಆಟಗಾರರಿಗೆ ಅದು ಕಾಣುವುದಿಲ್ಲ. “ಮೆಟ್ಟಿಲು ಇಳಿದಿರಿ, ಎಡಕ್ಕೆ ಮರದ ಬಾಗಿಲು, ಎದುರಿನ ಕತ್ತಲಿನಿಂದ ನೀರಿನ ಸಪ್ಪಳ” ಎಂದು ಸೂತ್ರಧಾರರು ಹೇಳಿದರೆ, “ಬಾಗಿಲಿಗೆ ಕಿವಿಗೊಟ್ಟು ಕೇಳುತ್ತೇವೆ” ಎಂದು ಆಟಗಾರರು ಉತ್ತರಿಸುತ್ತಾರೆ. ಕೋಣೆ, ಓಣಿ, ಬಲೆ, ಪ್ರಾಣಿ, ನಿಧಿ ಎಲ್ಲ ಇರುವ ಆ ನೆಲದಡಿಯ ಜಾಗಕ್ಕೆ ಡಂಜನ್ ಎಂದೇ ಹೆಸರು. ಅದನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆಗೆ ಐವತ್ತು ವರ್ಷ ಕಳೆದರೂ ಒಮ್ಮತದ ಉತ್ತರ ಸಿಕ್ಕಿಲ್ಲ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ ಕೂತು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ವಾದಗಳೆಲ್ಲ ಹುಟ್ಟಿದ್ದು ಅಮೆರಿಕದ ಮಧ್ಯಪಶ್ಚಿಮದ ಮನೆಗಳಲ್ಲಿ, ಯುರೋಪಿನ ಕೋಟೆಗಳ ಪುಸ್ತಕ ಓದಿದವರ ನಡುವೆ. ಅವನ್ನು ಒರೆಗೆ ಹಚ್ಚಲು ನಮ್ಮ ಕಡೆ ನಿಜವಾದ ಕಲ್ಲು ಇದೆ. ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್ ದೂರದ ಪನ್ಹಾಳವನ್ನು ಕಟ್ಟಿಸಿದವನು ಶಿಲಾಹಾರರ ಇಮ್ಮಡಿ ಭೋಜ, 12ನೇ ಶತಮಾನದ ಕೊನೆಯಲ್ಲಿ. ಕನ್ನಡದಲ್ಲಿ ಶಾಸನ ಹಾಕಿಸಿದ ಮನೆತನ ಅದು. ಆಮೇಲೆ ಯಾದವರು, ಬಹಮನಿಗಳು, ವಿಜಾಪುರದ ಆದಿಲ್‌ಶಾಹಿಗಳು, ಮರಾಠರು ಒಬ್ಬರ ಮೇಲೊಬ್ಬರು ಅಲ್ಲಿ ಕಟ್ಟಿದರು, ಕೆಡವಿದರು, ಮುಚ್ಚಿದರು, ತೆರೆದರು. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಅದೂ ಒಂದು. ಶತ್ರು ಯಾವ ದಾರಿಯಲ್ಲಿ ಬರುತ್ತಾನೆ, ಎಲ್ಲಿ ತಡವರಿಸುತ್ತಾನೆ, ಕತ್ತಲಲ್ಲಿ ಏನು ಮಾಡುತ್ತಾನೆ ಎಂದು ಯೋಚಿಸಿ ಕಟ್ಟಿದವರ ಅನುಭವ ಅಲ್ಲಿ ನಿಂತಿದೆ. ಡಂಜನ್ ಬರೆಯುವವರೂ ಇದನ್ನೇ ಯೋಚಿಸುತ್ತಾರೆ.

ಹುಟ್ಟಿದ ಬಗೆ

1969ರಲ್ಲಿ ಮಿನ್ನೆಸೋಟದ ಅವಳಿ ನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಯುದ್ಧದಾಟ ಆಡಿಸಿದರು. ಅದರಲ್ಲಿ ಆಟಗಾರರು ಸೈನ್ಯ ನಡೆಸುವ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ವಹಿಸಿದರು. ಅದನ್ನು ಆಡಿದ್ದ ಡೇವ್ ಆರ್ನೆಸನ್ 1970ರ ದಶಕದ ಆರಂಭದಲ್ಲಿ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡು ಕಟ್ಟಿ, ಅದರ ಕೋಟೆಯ ಕೆಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಸುರಂಗಗಳ ನಕ್ಷೆ ಬರೆದರು. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಅದನ್ನು ಆಡಿ ನೋಡಿ, ತಾವೂ ಗ್ರೇಹಾಕ್ ಎಂಬ ಕೋಟೆಯ ನೆಲಮಾಳಿಗೆಗಳನ್ನು ಬರೆಯತೊಡಗಿದರು. ಇಬ್ಬರ ಹೆಸರಿನಲ್ಲಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರಬಂತು. ಮೊದಲ ಮುದ್ರಣ 1000 ಪೆಟ್ಟಿಗೆ.

ಆರ್ನೆಸನ್ ಮಾಡಿದ ಮುಖ್ಯ ಕೆಲಸ ಆಟದ ಜಾಗವನ್ನು ಸೀಮಿತಗೊಳಿಸಿದ್ದು. ಬಯಲಿನಲ್ಲಿ ಆಟಗಾರ ಎತ್ತ ಬೇಕಾದರೂ ಹೋಗಬಹುದು, ಸೂತ್ರಧಾರ ಇಡೀ ಜಗತ್ತನ್ನು ಸಿದ್ಧ ಮಾಡಿಕೊಳ್ಳಲಾರ. ನೆಲದಡಿಯಲ್ಲಿ ಗೋಡೆಗಳೇ ಪ್ರಶ್ನೆ ಕೇಳುತ್ತವೆ: ಎಡಕ್ಕೋ, ಬಲಕ್ಕೋ, ಕೆಳಕ್ಕೋ, ಹಿಂದಕ್ಕೋ? ಆಳಕ್ಕೆ ಇಳಿದಷ್ಟೂ ಅಪಾಯ ಹೆಚ್ಚು, ನಿಧಿ ಹೆಚ್ಚು ಎಂಬ ನಿಯಮದಿಂದ ಎಷ್ಟು ಅಪಾಯ ಬೇಕೆಂಬ ತೀರ್ಮಾನ ಆಟಗಾರರ ಕೈಗೆ ಬಂತು. ಮುಂದಿನ ಎಲ್ಲ ಪಂಥಗಳೂ ಈ ಬುನಾದಿಯ ಮೇಲೇ ಜಗಳಾಡುತ್ತಿವೆ.

ಪರೀಕ್ಷೆಯ ಪಂಥ

ಡಂಜನ್ ಎಂದರೆ ಆಟಗಾರನ ಬುದ್ಧಿಗೆ ಒಡ್ಡಿದ ಪರೀಕ್ಷೆ ಎಂಬುದು ಮೊದಲ ಪಂಥ. ಅದರ ಶಿಖರ ಗೈಗ್ಯಾಕ್ಸ್ ಬರೆದ ಟೂಂಬ್ ಆಫ್ ಹಾರರ್ಸ್. 1975ರಲ್ಲಿ ಒರಿಜಿನ್ಸ್ ಎಂಬ ಆಟಗಳ ಮೇಳದಲ್ಲಿ ಸ್ಪರ್ಧೆಗೆಂದು ಆಡಿಸಿದ ಈ ಗೋರಿ 1978ರಲ್ಲಿ ಪುಸ್ತಕವಾಯಿತು. ಅದರಲ್ಲಿ ಕಾದಾಟ ಬಹಳ ಕಡಿಮೆ. ಸುಳ್ಳು ಪ್ರವೇಶದ್ವಾರಗಳು, ತಪ್ಪು ಕಲ್ಲು ತುಳಿದರೆ ಸಾವು, ಆಮಿಷ ತೋರಿಸುವ ನಿಧಿ. ಪಾತ್ರ ಎಷ್ಟು ಬಲಶಾಲಿಯಾದರೂ ಆಡುವವನು ಎಚ್ಚರ ತಪ್ಪಿದರೆ ಆಟ ಮುಗಿಯಿತು.

ಈ ಪಂಥದವರಿಗೆ ಬೇಕಾದ ಕಲ್ಲಿನ ಸಾಕ್ಷಿ ದೌಲತಾಬಾದಿನಲ್ಲಿದೆ. ದೇವಗಿರಿಯ ಆ ಬೆಟ್ಟಕ್ಕೆ ಹತ್ತುವ ದಾರಿ ಅಂಧೇರಿ ಎಂಬ ಕತ್ತಲ ಸುರಂಗದ ಮೂಲಕವೇ ಹೋಗುತ್ತದೆ. ತಿರುವುಗಳಲ್ಲಿ ದಿಕ್ಕು ತಪ್ಪುತ್ತದೆ, ಮೆಟ್ಟಿಲುಗಳ ಎತ್ತರ ಏರುಪೇರು. ಪನ್ಹಾಳದ ವಾಘ ದರ್ವಾಜಾ ಇನ್ನೊಂದು ಬಗೆ. ಒಳಗೆ ನುಗ್ಗಿದವರು ಚಿಕ್ಕದೊಂದು ಅಂಗಳದಲ್ಲಿ ಸಿಕ್ಕಿಬೀಳುವಂತೆ, ಮೇಲಿನಿಂದ ಹೊಡೆತ ತಿನ್ನುವಂತೆ ಅದರ ರಚನೆ. ಚಿತ್ರದುರ್ಗದ ಒನಕೆ ಕಿಂಡಿಯನ್ನು ನಾವೆಲ್ಲ ಬಾಲ್ಯದಿಂದ ಬಲ್ಲೆವು. ಒಬ್ಬೊಬ್ಬರಾಗಿಯೇ ತೂರಬೇಕಾದ ದಾರಿಯಲ್ಲಿ ಹೈದರ್ ಅಲಿಯ ಸೈನಿಕರ ಸಂಖ್ಯಾಬಲ ಕೆಲಸಕ್ಕೆ ಬರಲಿಲ್ಲ, ಓಬವ್ವನ ಒನಕೆಯೇ ಸಾಕಾಯಿತು.

ಪರೀಕ್ಷೆಯ ಪಂಥ ವಿವರಿಸುವುದು ಉದ್ವೇಗವನ್ನು. ಪ್ರತಿ ಕಲ್ಲನ್ನೂ ಕೋಲಿನಿಂದ ತಟ್ಟಿ ನೋಡುವ ಭಯ ಬೇರೆ ಯಾವ ವಿಧಾನದಲ್ಲೂ ಇಷ್ಟು ತೀವ್ರವಾಗಿ ಬರುವುದಿಲ್ಲ. ಆದರೆ ಅದರ ದೋಷವೂ ದೊಡ್ಡದು. ಬರೆದವರ ಮನಸ್ಸಿನಲ್ಲಿರುವ ಒಂದೇ ಉತ್ತರವನ್ನು ಊಹಿಸುವುದೇ ಆಟವಾದರೆ ಆಟಗಾರನಿಗೆ ಆಯ್ಕೆ ಉಳಿಯುವುದಿಲ್ಲ. ಓಬವ್ವನ ಕಿಂಡಿ ಕಾವಲಿನವರಿಗೆ ಒಳ್ಳೆಯದು. ಒಳಗೆ ನುಗ್ಗಬೇಕಾದವರಿಗೆ ಅದೊಂದೇ ದಾರಿ ಇದ್ದರೆ ಅಲ್ಲಿ ಆಡಲು ಏನೂ ಇಲ್ಲ. ಮುನ್ಸೂಚನೆಯಿಲ್ಲದ ಬಲೆ ಅನ್ಯಾಯ ಎಂದು ಈಗ ಹಳೆಯ ಶೈಲಿಯ ಅಭಿಮಾನಿಗಳೇ ಒಪ್ಪುತ್ತಾರೆ. ಬಲೆಯ ಗುರುತು ಕಣ್ಣಿಗೆ ಬೀಳಬೇಕು, ಅದನ್ನು ದಾಟುವ ಉಪಾಯ ಮಾತ್ರ ಆಟಗಾರರದಾಗಬೇಕು.

ಇಲ್ಲಿ ಅಡಿಗೆ ಯಾರು ಮಾಡುತ್ತಾರೆ?

ಎರಡನೆಯ ಪಂಥ ಸಹಜತೆಯದು. ಡಂಜನ್ನಿನಲ್ಲಿ ಇರುವವರು ಏನು ತಿನ್ನುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಹೊಗೆ ಎಲ್ಲಿ ಹೋಗುತ್ತದೆ, ಈ ಸುರಂಗವನ್ನು ಯಾರು ಯಾಕೆ ತೋಡಿದರು ಎಂದು ಇವರು ಕೇಳುತ್ತಾರೆ. 2008ರಲ್ಲಿ ಜೇಮ್ಸ್ ಮಲಿಶೆವ್ಸ್ಕಿ ಈ ಒಲವಿಗೆ ಗೈಗ್ಯಾಕ್ಸನ ಸಹಜತಾವಾದ ಎಂಬ ಹೆಸರಿಟ್ಟರು. ಗೈಗ್ಯಾಕ್ಸ್ ಪ್ರಾಣಿಗಳನ್ನು ವಿವರಿಸುವಾಗ ಬರೀ ಬಲಾಬಲ ಹೇಳದೆ, ಗುಂಪಿನಲ್ಲಿ ಹೆಂಗಸರು ಮಕ್ಕಳು ಎಷ್ಟು, ಗೂಡು ಹೇಗಿರುತ್ತದೆ ಎಂದೂ ಬರೆಯುತ್ತಿದ್ದರು. ಅದೇ ಲೇಖಕರ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್ ಈ ಪಂಥದಿಂದಲೇ ಟೀಕೆಗೆ ಗುರಿಯಾಯಿತು. ಒಂದೇ ಕಣಿವೆಯಲ್ಲಿ ಪರಸ್ಪರ ವೈರಿಗಳಾದ ಹಲವು ಕುಲಗಳು ಅಕ್ಕಪಕ್ಕದ ಗವಿಗಳಲ್ಲಿ ಹೇಗೆ ಬಾಳುತ್ತವೆ ಎಂಬುದು ಆಕ್ಷೇಪ.

ಪನ್ಹಾಳವನ್ನು ಸಹಜತಾವಾದಿಯ ಕಣ್ಣಿನಿಂದ ನೋಡುತ್ತ ನಡೆದರೆ ಕೋಟೆಯ ಪ್ರತಿ ಭಾಗವೂ ಉತ್ತರ ಕೊಡುತ್ತದೆ. ಅಂಬರಖಾನೆಯ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕೋಠಿಗಳು ಮುತ್ತಿಗೆಯ ತಿಂಗಳುಗಳಿಗೆ ಬೇಕಾದ ಕಾಳಿಗಾಗಿ. ಅವು ಕೋಟೆಯ ಒಳಭಾಗದಲ್ಲಿವೆ, ಗೋಡೆಗಳು ದಪ್ಪ. ಶತ್ರು ಅಲ್ಲಿ ಬೆಂಕಿ ಇಟ್ಟರೆ ಕೋಟೆ ಸೋತಂತೆ ಎಂಬುದು ಕಟ್ಟಿದವರಿಗೆ ಗೊತ್ತಿತ್ತು. ನಮ್ಮ ಕಡೆಯ ಹಳ್ಳಿಗಳ ಹಗೇವು ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಅಂಧಾರ ಬಾವಡಿಯನ್ನು ಮಾತ್ರ ಹತ್ತಿರದಿಂದ ನೋಡಬೇಕು. ಡಂಜನ್ ಬರೆಯುವವರಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಎಂದು ನನ್ನ ಭಾವನೆ. ಆದಿಲ್‌ಶಾಹಿ ಕಾಲದ ಇದು ಹೊರಗಿನಿಂದ ನೋಡಿದರೆ ಕಲ್ಲಿನ ಸಾದಾ ಕಟ್ಟಡ, ಒಳಗೆ ಮೂರು ಅಂತಸ್ತು. ಮೆಟ್ಟಿಲು ತಿರುಗುತ್ತ ಕೆಳಗಿಳಿಯುತ್ತದೆ, ಬೆಳಕು ಕಡಿಮೆಯಾಗುತ್ತ ಹೋಗುತ್ತದೆ, ತಳದಲ್ಲಿ ಬಾವಿ. ಮುತ್ತಿಗೆ ಹಾಕಿದವರು ಮೊದಲು ಮಾಡುವ ಕೆಲಸ ನೀರಿಗೆ ವಿಷ ಬೆರೆಸುವುದು, ಆದ್ದರಿಂದ ಬಾವಿಯನ್ನೇ ಕಟ್ಟಡದೊಳಗೆ ಅಡಗಿಸಿದ್ದಾರೆ. ಗೋಡೆಗಳಲ್ಲಿ ಕಾವಲಿನವರು ನಿಲ್ಲುವ ಗೂಡುಗಳಿವೆ. ನಡುವಿನ ಅಂತಸ್ತಿನಿಂದ ಕೋಟೆಯ ಹೊರಕ್ಕೆ ಕಳ್ಳದಾರಿ ಇದೆ. ಅಂದರೆ ಕೋಟೆಯ ಉಳಿದ ಭಾಗವೆಲ್ಲ ಕೈತಪ್ಪಿದರೂ ಇದೊಂದೇ ಕಟ್ಟಡ ನೀರು, ನೆಲೆ, ಕಾವಲು, ಪಾರಾಗುವ ದಾರಿ ನಾಲ್ಕನ್ನೂ ಒಳಗೊಂಡ ಸಣ್ಣ ಕೋಟೆ. ಇದನ್ನು ನಕ್ಷೆಯಾಗಿ ಬರೆದರೆ ಒಂದು ಸಂಜೆಯ ಆಟಕ್ಕೆ ಮತ್ತೇನೂ ಸೇರಿಸಬೇಕಾಗಿಲ್ಲ. ಮೇಲಿನಿಂದ ಬರುವವರಿಗೆ ಅದು ಇಳಿಜಾರಿನ ಅಪಾಯ, ಕಳ್ಳದಾರಿಯಿಂದ ಬರುವವರಿಗೆ ನೇರ ಒಳಗಿನ ಬಾಗಿಲು, ನೀರು ಸೇದಲು ಬಂದವರಿಗೆ ದಿನನಿತ್ಯದ ಜಾಗ. ಅಲ್ಲಿ ಯಾರು ಯಾವ ಹೊತ್ತಿಗೆ ಇರುತ್ತಾರೆ ಎಂಬುದು ಕಟ್ಟಡದ ಉದ್ದೇಶದಿಂದಲೇ ತಿಳಿಯುತ್ತದೆ. ಸಹಜತಾವಾದದ ಬಲ ಇರುವುದು ಇಲ್ಲೇ. ಜಾಗದ ತರ್ಕ ಹಿಡಿದ ಆಟಗಾರ ಕಾಣದ ಕೋಣೆಯನ್ನೂ ಊಹಿಸಬಲ್ಲ.

ಪಾತಾಳದ ಪಂಥ

ಇದಕ್ಕೆ ನೇರ ವಿರುದ್ಧವಾದ ನಿಲುವನ್ನು ಫಿಲಾಟಮಿ ಎಂಬ ಹೆಸರಿನಲ್ಲಿ ಬರೆದ ಲೇಖಕರೊಬ್ಬರು ಮಂಡಿಸಿದರು. ಡಂಜನ್ ಮನುಷ್ಯರು ಕಟ್ಟಿದ ಜಾಗ ಅಲ್ಲ, ಪುರಾಣದ ಪಾತಾಳ ಎಂಬುದು ಅವರ ವಾದ. 1974ರ ನಿಯಮಗಳೇ ಅದಕ್ಕೆ ಆಧಾರ. ಅಲ್ಲಿ ಬಾಗಿಲುಗಳು ಆಟಗಾರರಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಒಳಗಿನ ಪ್ರಾಣಿಗಳಿಗೆ ತಾವಾಗಿ ತೆರೆಯುತ್ತವೆ. ಅವಕ್ಕೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಆಟಗಾರರ ಚಾಕರಿಗೆ ಸೇರಿದ ಪ್ರಾಣಿಗೆ ಆ ಶಕ್ತಿ ಹೋಗುತ್ತದೆ. ಇದನ್ನು ಸಹಜತೆಯಿಂದ ವಿವರಿಸಲು ಆಗುವುದಿಲ್ಲ. ಆ ಜಾಗಕ್ಕೇ ಒಳಬಂದವರ ಮೇಲೆ ದ್ವೇಷ ಇದೆ ಎಂದರೆ ಮಾತ್ರ ಅರ್ಥವಾಗುತ್ತದೆ.

ನಮ್ಮ ಜನಪದಕ್ಕೆ ಈ ಪಂಥ ಬಹಳ ಹತ್ತಿರ. ನಿಧಿ ಕಾಯುವ ಸರ್ಪ, ಅಮಾವಾಸ್ಯೆಗೆ ಮಾತ್ರ ತೆರೆಯುವ ಗವಿ, ಬಲಿ ಕೇಳುವ ಹೊನ್ನಿನ ಕೊಪ್ಪರಿಗೆ, ಹಿಂದಿರುಗಿ ನೋಡಬಾರದೆಂಬ ಕಟ್ಟಳೆ ಇವನ್ನೆಲ್ಲ ಅಜ್ಜಿಯರ ಬಾಯಿಂದ ಕೇಳದ ಮನೆ ಗಡಿಭಾಗದಲ್ಲಿ ಇಲ್ಲ. ಅಲ್ಲಿ ಸರ್ಪ ಏನು ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ, ಯಾವ ನಿಯಮ ಮುರಿದರೆ ಅದು ಏಳುತ್ತದೆ ಎಂದು ಕೇಳುತ್ತಾರೆ. ಪಾತಾಳದ ಪಂಥ ಯಶಸ್ವಿಯಾಗುವುದು ಇಂಥ ಕಟ್ಟಳೆಗಳು ಗಟ್ಟಿಯಾಗಿದ್ದಾಗ ಮಾತ್ರ. ಅವು ಸಡಿಲವಾದರೆ ಏನು ಬೇಕಾದರೂ ಆಗಬಹುದಾದ ಜಾಗ ಉಳಿಯುತ್ತದೆ, ಅಲ್ಲಿ ಆಟಗಾರರ ಬುದ್ಧಿಗೆ ಹಿಡಿಕೆ ಸಿಗುವುದಿಲ್ಲ.

ದಾರಿಗಳ ಪಂಥ

ನನ್ನ ಮಟ್ಟಿಗೆ ಇಡೀ ವಾದದಲ್ಲಿ ಅತ್ಯಂತ ಫಲವತ್ತಾದ ಭಾಗ ಇದು. 1979ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಪ್ರಕಾಶನ ಜೆನೆಲ್ ಜಾಕ್ವೇಸ್ ಅವರ ಕ್ಯಾವರ್ನ್ಸ್ ಆಫ್ ಥ್ರೇಸಿಯಾ ಪ್ರಕಟಿಸಿತು. ಅದರ ನಕ್ಷೆಯಲ್ಲಿ ಒಳಗೆ ಹೋಗಲು ಒಂದಕ್ಕಿಂತ ಹೆಚ್ಚು ದಾರಿ, ಅಂತಸ್ತಿನಿಂದ ಅಂತಸ್ತಿಗೆ ಹಲವು ಮೆಟ್ಟಿಲು ಮತ್ತು ಕಂದಕ, ಸುತ್ತಿ ಮತ್ತೆ ಅದೇ ಜಾಗಕ್ಕೆ ಬರುವ ಓಣಿಗಳು, ಎರಡು ಅಂತಸ್ತು ಹಾರಿ ಕೆಳಗಿಳಿಸುವ ಗುಪ್ತಮಾರ್ಗ ಇದ್ದವು. ಜಾಕ್ವೇಸ್ ಮುಂದೆ ಕಂಪ್ಯೂಟರ್ ಆಟಗಳಿಗೆ ಹೋಗಿ ಕ್ವೇಕ್ ಸರಣಿಗೆ ಆಟದ ಹಂತಗಳನ್ನು ಕಟ್ಟಿದರು, 2024ರ ಜನವರಿಯಲ್ಲಿ ತೀರಿಕೊಂಡರು.

ಅವರ ನಕ್ಷೆಗಳಿಗೆ ಸಿದ್ಧಾಂತದ ರೂಪ ಬಂದದ್ದು ತಡವಾಗಿ. 2006ರಲ್ಲಿ ಹಂಗೇರಿಯ ಗಾಬೋರ್ ಲುಕ್ಸ್ ಹಳೆಯ ಡಂಜನ್ನುಗಳ ನಕ್ಷೆಗಳನ್ನು ಬರೀ ಗೆರೆ ಮತ್ತು ಕವಲುಗಳಾಗಿ ಬಿಡಿಸಿ ತೋರಿಸಿದರು. ಕೆಲವು ನಕ್ಷೆಗಳು ನೋಡಲು ಜಟಿಲ, ಬಿಡಿಸಿದರೆ ಒಂದೇ ನೇರ ಗೆರೆ. ಇನ್ನು ಕೆಲವು ನಿಜವಾಗಿ ಬಲೆಯಂತೆ ಹೆಣೆದಿದ್ದವು. 2010ರಲ್ಲಿ ಜಸ್ಟಿನ್ ಅಲೆಕ್ಸಾಂಡರ್ ಜಾಕ್ವೇಸ್ ಅವರ ತಂತ್ರಗಳನ್ನು ಒಂದೊಂದಾಗಿ ಹೆಸರಿಸಿ ಲೇಖನಮಾಲೆ ಬರೆದ ಮೇಲೆ ಸುತ್ತುದಾರಿ ಎಂಬುದು ಹೊಸ ತಲೆಮಾರಿನ ವಿನ್ಯಾಸಕಾರರ ಮೊದಲ ಪಾಠವಾಯಿತು.

ಸುತ್ತುದಾರಿಯ ಬೆಲೆ ಏನೆಂದು ಪನ್ಹಾಳದ ಇತಿಹಾಸವೇ ಹೇಳುತ್ತದೆ. 1660ರಲ್ಲಿ ಆದಿಲ್‌ಶಾಹಿಯ ಸೇನಾನಿ ಸಿದ್ದಿ ಜೌಹರ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಸುಮಾರು ಏಳು ಕಿಲೋಮೀಟರ್ ಸುತ್ತಳತೆಯ ಕೋಟೆ ಅದು, ಎಷ್ಟೇ ಸೈನ್ಯವಿದ್ದರೂ ಎಲ್ಲ ಕಡೆ ಸಮನಾದ ಕಾವಲು ಇಡಲಾಗದು. ಜುಲೈ ತಿಂಗಳ ಮಳೆಯ ರಾತ್ರಿ ಒಳಗಿದ್ದ ಶಿವಾಜಿ ರಾಜದಿಂಡಿ ಎಂಬ ಕಿರುಬಾಗಿಲಿನ ಮೂಲಕ ಪಾರಾಗಿ ವಿಶಾಳಗಡದ ಹಾದಿ ಹಿಡಿದರು. ವೇಷ ಬದಲಿಸಿ ಮೇಣೆಯಲ್ಲಿ ಕೂತ ಶಿವಾ ಕಾಶಿದ ಶತ್ರುವನ್ನು ಬೇರೆ ದಿಕ್ಕಿಗೆ ಸೆಳೆದ. ಬೆನ್ನಟ್ಟಿದವರನ್ನು ಬಾಜಿ ಪ್ರಭು ಇಕ್ಕಟ್ಟಿನ ಘೋಡಖಿಂಡಿಯಲ್ಲಿ ತಡೆದು ನಿಂತ. ಹದಿಮೂರು ವರ್ಷಗಳ ಬಳಿಕ, 1673ರಲ್ಲಿ, ಶಿವಾಜಿಯ ಕಡೆಯ ಕೊಂಡಾಜಿ ಫರ್ಜಂದ 60 ಜನರನ್ನು ಕಟ್ಟಿಕೊಂಡು ರಾತ್ರಿ ಬಂಡೆ ಹತ್ತಿ ಅದೇ ಕೋಟೆಯನ್ನು ಮರಳಿ ಗೆದ್ದ. ತೀನ ದರ್ವಾಜಾದಂಥ ಭದ್ರ ಬಾಗಿಲನ್ನು ಯಾರೂ ಒಡೆಯಲಿಲ್ಲ, ಅದರ ಗೊಡವೆಗೇ ಹೋಗಲಿಲ್ಲ.

ಡಂಜನ್ನಿಗೆ ಒಂದೇ ಬಾಗಿಲು ಇಟ್ಟರೆ ಆಟಗಾರರು ಮಾಡಬಹುದಾದದ್ದು ಬಾಗಿಲು ಒಡೆಯುವುದು ಮಾತ್ರ. ದಿಂಡಿ, ಬಂಡೆ, ಬಾವಿ, ಚರಂಡಿ ಇಟ್ಟರೆ ಅವರು ಗೂಢಚಾರಿಕೆ ಮಾಡುತ್ತಾರೆ, ವೇಷ ಹಾಕುತ್ತಾರೆ, ಕಾವಲಿನವರ ಸರದಿ ಲೆಕ್ಕ ಹಾಕುತ್ತಾರೆ. ಅದೇ ಕೋಣೆ, ಅದೇ ಶತ್ರು; ಬಂದ ದಾರಿ ಬೇರೆಯಾದರೆ ಆಟವೇ ಬೇರೆ.

ದೀವಟಿಗೆಯ ಲೆಕ್ಕ

ದಾರಿಗಳಿಗೆ ಅರ್ಥ ಬರುವುದು ನಡೆಯುವುದಕ್ಕೆ ಬೆಲೆ ತೆರಬೇಕಾದಾಗ. 1981ರಲ್ಲಿ ಟಾಮ್ ಮೊಲ್ಡ್ವೇ ಸಂಪಾದಿಸಿದ ಪ್ರಾಥಮಿಕ ನಿಯಮಪುಸ್ತಕದಲ್ಲಿ ಈ ಲೆಕ್ಕ ಚೊಕ್ಕವಾಗಿದೆ. ಹತ್ತು ನಿಮಿಷಕ್ಕೆ ಒಂದು ಸರದಿ. ಒಂದು ದೀವಟಿಗೆ ಆರು ಸರದಿ ಉರಿಯುತ್ತದೆ. ಆರರಲ್ಲಿ ಒಂದು ಸರದಿ ವಿಶ್ರಾಂತಿಗೆ ಹೋಗಬೇಕು. ಲೋಹದ ಕವಚ ತೊಟ್ಟವನು ಎಚ್ಚರದಿಂದ ನಡೆದರೆ ಸರದಿಗೆ 60 ಅಡಿ. ಅಂದರೆ ಒಂದು ದೀವಟಿಗೆಗೆ 300 ಅಡಿ, ವಾಪಸು ಬರುವುದನ್ನೂ ಲೆಕ್ಕ ಹಿಡಿದರೆ ಒಳಕ್ಕೆ 150 ಅಡಿ ಮಾತ್ರ. ಎರಡು ಸರದಿಗೊಮ್ಮೆ ಸೂತ್ರಧಾರ ಆರು ಮುಖದ ದಾಳ ಉರುಳಿಸುತ್ತಾರೆ, 1 ಬಿದ್ದರೆ ಅಲೆಮಾರಿ ಪ್ರಾಣಿ ಎದುರಾಗುತ್ತದೆ. ಒಂದು ದೀವಟಿಗೆ ಮುಗಿಯುವುದರೊಳಗೆ ಒಮ್ಮೆಯಾದರೂ ಎದುರಾಗುವ ಸಂಭವ ನೂರಕ್ಕೆ 42. ಪ್ರಾಣಿಯನ್ನು ಕೊಂದರೆ ಸಿಗುವ ಅನುಭವಾಂಕ ಕಡಿಮೆ; ನಿಧಿಯ ಒಂದೊಂದು ಚಿನ್ನದ ನಾಣ್ಯಕ್ಕೆ ಒಂದೊಂದು ಅಂಕ. ಆದ್ದರಿಂದ ಜಾಣ ಆಟಗಾರರು ಕಾದಾಟ ತಪ್ಪಿಸುತ್ತಾರೆ, ಹತ್ತಿರದ ದಾರಿ ಹುಡುಕುತ್ತಾರೆ, ಖಾಲಿ ಕೋಣೆಯಲ್ಲಿ ಎಷ್ಟು ಹೊತ್ತು ಹುಡುಕಾಡಬೇಕೆಂದು ಚರ್ಚಿಸುತ್ತಾರೆ.

ಮುಂದೆ ಈ ಲೆಕ್ಕ ಬೇಸರದ ಗುಮಾಸ್ತಿಕೆ ಎನಿಸಿಕೊಂಡು ಬಹುತೇಕ ಮೇಜುಗಳಿಂದ ಮಾಯವಾಯಿತು. 2013ರ ಟಾರ್ಚ್‌ಬೇರರ್ ಅದನ್ನೇ ಆಟದ ತಿರುಳಾಗಿ ಮರಳಿ ತಂದಿತು. 2023ರ ಶಾಡೋಡಾರ್ಕ್‌ನಲ್ಲಿ ಕೆಲ್ಸಿ ಡಿಯೋನ್ ಇನ್ನೂ ಸರಳವಾದ ಉಪಾಯ ಹೂಡಿದರು. ದೀವಟಿಗೆ ಉರಿಯುವುದು ಗೋಡೆಯ ಗಡಿಯಾರದ ಒಂದು ಗಂಟೆ. ಆಟಗಾರರು ಹರಟೆ ಹೊಡೆದಷ್ಟೂ ಬೆಳಕು ತೀರುತ್ತದೆ.

ಕಥೆಯ ಪಂಥ

1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ರೇವನ್‌ಲಾಫ್ಟ್ ಬಂತು. ಕೋಟೆಯ ಒಡೆಯನಾದ ಸ್ಟ್ರಾಡ್ ಎಂಬ ರಕ್ತಪಿಶಾಚಿಗೆ ಒಂದು ದುಃಖದ ಪೂರ್ವಕಥೆ ಇತ್ತು, ಒಂದು ಗುರಿ ಇತ್ತು. ಇಸ್ಪೀಟು ಎಲೆ ಎಳೆದು ಅವನ ಗುರಿಯನ್ನೂ ಮುಖ್ಯ ವಸ್ತುಗಳು ಇರುವ ಜಾಗವನ್ನೂ ನಿರ್ಧರಿಸುತ್ತಿದ್ದರು. ಡಂಜನ್ ನಿಧಿಯ ಉಗ್ರಾಣವಾಗದೆ ಒಬ್ಬ ಮನುಷ್ಯನ ಮನೆಯಾಯಿತು. ಅದರ ಪ್ರಭಾವ ಅಪಾರ. ಜಾನ್ ಫೋರ್ ಜನಪ್ರಿಯಗೊಳಿಸಿದ ಐದು ಕೋಣೆಗಳ ಡಂಜನ್ ಇದೇ ಒಲವಿನ ಸಂಕ್ಷಿಪ್ತ ರೂಪ. ಬಾಗಿಲ ಕಾವಲುಗಾರ, ಒಗಟು ಅಥವಾ ಮಾತುಕತೆ, ಹಿನ್ನಡೆ, ಕೊನೆಯ ಹೋರಾಟ, ಫಲ ಅಥವಾ ಹೊಸ ತಿರುವು. ಕೆಲಸ ಮುಗಿಸಿ ಬಂದು ಮೂರು ಗಂಟೆ ಆಡುವವರಿಗೆ ಇದರಷ್ಟು ಉಪಯುಕ್ತವಾದ ಅಚ್ಚು ಬೇರೊಂದಿಲ್ಲ.

2008ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ನಾಲ್ಕನೇ ಆವೃತ್ತಿ ಅಳೆದು ತೂಗಿದ ಕಾದಾಟಗಳ ಸಾಲಾಗಿ ಡಂಜನ್ ಬರೆಯುವ ಪದ್ಧತಿಯನ್ನು ಗಟ್ಟಿ ಮಾಡಿತು. ಒಂದೊಂದು ಕಾದಾಟವೂ ಚೆಂದ, ಆದರೆ ಅವುಗಳ ನಡುವಿನ ಓಣಿ ಬರೀ ಸೇತುವೆಯಾಯಿತು. ಕಥೆಯ ಪಂಥದ ವಿರುದ್ಧ ನನ್ನ ಆಕ್ಷೇಪವೂ ಇದೇ. ದೃಶ್ಯಗಳ ಕ್ರಮ ಮೊದಲೇ ನಿಶ್ಚಯವಾದರೆ 1660ರ ರಾತ್ರಿಯಂಥದು ಆಟದಲ್ಲಿ ಎಂದೂ ನಡೆಯುವುದಿಲ್ಲ. ರೇವನ್‌ಲಾಫ್ಟ್ ಈ ತಪ್ಪು ಮಾಡಲಿಲ್ಲ ಎಂಬುದನ್ನು ಅದರ ಅನುಯಾಯಿಗಳು ಮರೆತರು. ಸ್ಟ್ರಾಡನ ಕೋಟೆ ಎತ್ತ ಬೇಕಾದರೂ ಅಲೆಯಬಹುದಾದ, ಹೆಣೆದುಕೊಂಡ ಕಟ್ಟಡವೇ ಆಗಿತ್ತು.

ದಾಳ ಬರೆದ ನಕ್ಷೆ, ಖಾಲಿ ಬಿಟ್ಟ ನಕ್ಷೆ

1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಮೊದಲ ಅನುಬಂಧದಲ್ಲಿ ದಾಳ ಉರುಳಿಸುತ್ತ ಓಣಿ, ಬಾಗಿಲು, ಕೋಣೆ ಹುಟ್ಟಿಸುವ ಕೋಷ್ಟಕಗಳಿವೆ. ಒಬ್ಬರೇ ಕೂತು ಆಡಬಹುದು. 1980ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಮಾಡಿದ ರೋಗ್ ಎಂಬ ಕಂಪ್ಯೂಟರ್ ಆಟ ಪ್ರತಿ ಸಲ ಹೊಸ ಡಂಜನ್ ಕಟ್ಟಿಕೊಟ್ಟು ದೊಡ್ಡ ವಂಶವನ್ನೇ ಬೆಳೆಸಿತು. ಮೇಜಿನ ಆಟದಲ್ಲಿ ಇದರ ಸೌಮ್ಯ ರೂಪ ಮೊಲ್ಡ್ವೇಯ ಪುಸ್ತಕದಲ್ಲಿದೆ. ಪ್ರತಿ ಕೋಣೆಗೆ ದಾಳ ಹಾಕಿ: 1, 2 ಬಿದ್ದರೆ ಪ್ರಾಣಿ, 3ಕ್ಕೆ ಬಲೆ, 4ಕ್ಕೆ ವಿಶೇಷ, 5, 6ಕ್ಕೆ ಖಾಲಿ. ಮೂರರಲ್ಲಿ ಒಂದು ಕೋಣೆ ಖಾಲಿ ಇರಬೇಕೆಂಬ ಈ ಮಾತು ಮುಖ್ಯ. ಖಾಲಿ ಕೋಣೆ ಇದ್ದರೆ ಅಡಗಲು ಜಾಗ, ಓಡಲು ದಾರಿ, ತುಂಬಿದ ಕೋಣೆಗೆ ಬೆಲೆ.

ಮೈಕ್ ಕಾರ್ 1978ರ ಇನ್ ಸರ್ಚ್ ಆಫ್ ದ ಅನ್‌ನೋನ್‌ನಲ್ಲಿ ಕೋಣೆಗಳನ್ನು ವಿವರಿಸಿ, ಪ್ರಾಣಿ ಮತ್ತು ನಿಧಿಯನ್ನು ತುಂಬುವ ಕೆಲಸ ಹೊಸ ಸೂತ್ರಧಾರರಿಗೇ ಬಿಟ್ಟರು. 2012ರ ಡಂಜನ್ ವರ್ಲ್ಡ್ ಒಂದು ಹೆಜ್ಜೆ ಮುಂದೆ ಹೋಗಿ, ನಕ್ಷೆ ಬರೆಯಿರಿ, ಆದರೆ ಜಾಗ ಖಾಲಿ ಬಿಡಿ, ಆಡುತ್ತ ತುಂಬಿ ಎಂದಿತು. ಈ ಪಂಥದ ಲಾಭ ಸೂತ್ರಧಾರರಿಗೂ ಆಶ್ಚರ್ಯ ಉಳಿಯುವುದು. ನಷ್ಟ ಗಂಭೀರ: ಸೂತ್ರಧಾರರು ಈಗಷ್ಟೇ ಹುಟ್ಟಿಸಿದ ಬಾಗಿಲನ್ನು ಆಟಗಾರರು ಜಾಣತನದಿಂದ ಕಂಡುಹಿಡಿದರು ಎನ್ನಲು ಬರುವುದಿಲ್ಲ.

ಯಾರ ಮನೆಗೆ ನುಗ್ಗುತ್ತಿದ್ದೇವೆ?

ಇತ್ತೀಚಿನ ವರ್ಷಗಳ ದೊಡ್ಡ ಪ್ರಶ್ನೆ ನೀತಿಯದು. ಗಡಿಯ ಕೋಟೆಯಿಂದ ಹೊರಟು, ಗವಿಗಳಲ್ಲಿ ಬಾಳುವ ಕುಲಗಳನ್ನು ಕೊಂದು, ಅವರ ಸಂಪತ್ತು ಹೊತ್ತು ತರುವುದೇ ಆಟವಾದರೆ ಅದು ವಸಾಹತುಗಾರರ ಕಥೆ ಅಲ್ಲವೇ ಎಂದು ಹಲವರು ಕೇಳಿದ್ದಾರೆ. ಕೆಲವರು ಇದನ್ನು ಬರೀ ಆಟ ಎಂದು ತಳ್ಳಿಹಾಕುತ್ತಾರೆ. ನಮ್ಮ ಭಾಗದಲ್ಲಿ ಹಾಗೆ ತಳ್ಳಿಹಾಕುವುದು ಕಷ್ಟ.

ಗಡಹಿಂಗ್ಲಜದ ಹತ್ತಿರದ ಸಾಮಾನಗಡವನ್ನೇ ನೋಡಿ. ಬಂಡೆ ಕೊರೆದು, ಸಾಲು ಕಮಾನುಗಳ ಕೆಳಗೆ ಮೆಟ್ಟಿಲಿಳಿಸಿದ ಅಲ್ಲಿನ ಬಾವಿ ಯಾವ ಡಂಜನ್ ಚಿತ್ರಕಾರನಿಗೂ ಆಸೆ ಹುಟ್ಟಿಸುವಂಥದು. ಆದರೆ 1844ರಲ್ಲಿ ಆ ಕೋಟೆಯ ಬಾಗಿಲು ಮುಚ್ಚಿಕೊಂಡು ಒಳಗೆ ಕೂತವರು ಗಡಕರಿಗಳು. ತಲೆಮಾರುಗಳಿಂದ ಕೋಟೆ ಕಾಯ್ದು, ಅದಕ್ಕೆ ಪ್ರತಿಯಾಗಿ ಭೂಮಿ ಉಂಡವರು. ಬ್ರಿಟಿಷರ ಹೊಸ ವ್ಯವಸ್ಥೆ ಅವರ ಹಕ್ಕಿಗೆ ಕೈ ಹಾಕಿದಾಗ ಬಂಡೆದ್ದರು. ದಂಗೆ ಪನ್ಹಾಳದವರೆಗೂ ಹಬ್ಬಿತು. ಪನ್ಹಾಳದ ಚಾರ ದರ್ವಾಜಾವನ್ನು ಬ್ರಿಟಿಷರು ಕೆಡವಿದ್ದು ಆ ವರ್ಷವೇ. ಆ ಕೋಟೆಯನ್ನು ಡಂಜನ್ ಎಂದು ಬರೆದರೆ ಒಳಗಿರುವವರು ನಮ್ಮ ಹಳ್ಳಿಗಳ ಹಿರಿಯರು, ಹೊರಗಿನಿಂದ ನುಗ್ಗುವವರು ಕಂಪನಿಯ ತೋಪಿನವರು. ಆಟಗಾರರನ್ನು ಯಾವ ಕಡೆ ನಿಲ್ಲಿಸಬೇಕು ಎಂಬುದೇ ಅಲ್ಲಿ ವಿನ್ಯಾಸದ ಮೊದಲ ತೀರ್ಮಾನ.

ಪನ್ಹಾಳ ಇಂದಿಗೂ ಜನವಸತಿಯ ಊರು. ಅಲ್ಲಿ ಸಂಭಾಜಿಯ ದೇವಾಲಯಕ್ಕೂ ಸಾಧೋಬಾ ದರ್ಗಾಕ್ಕೂ ನಡೆದುಕೊಳ್ಳುವವರಿದ್ದಾರೆ. ಇಂಥ ಜಾಗಗಳನ್ನು ಆಟಕ್ಕೆ ತರುವಾಗ ಹೆಸರು ಬದಲಿಸಿ, ರಚನೆ ಮಾತ್ರ ಉಳಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಭಾರತೀಯ ನೆಲದಿಂದ ಬರೆದ ಸಾಹಸಗಳೂ ಈಗ ಮುಖ್ಯಧಾರೆಗೆ ಬರತೊಡಗಿವೆ. 2022ರ ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್ ಎಂಬ ಅಧಿಕೃತ ಸಂಕಲನದಲ್ಲಿ ಮಿಮಿ ಮಂಡಲ್ ಅವರು ಶಂಖಭೂಮಿ ಎಂಬ ನದಿನಾಡಿನ ಕಥೆ ಬರೆದರು. ನಮ್ಮ ಗಡಿಭಾಗದ ಕೋಟೆ, ಬಾವಿ, ಮಗ್ಗದ ಊರುಗಳಿಗೆ ಅಂಥ ಲೇಖಕರು ಇನ್ನೂ ಬರಬೇಕಿದೆ. ಇಚಲಕರಂಜಿಯಲ್ಲಿ ಬೆಳೆದವರಿಗೆ ವಿದ್ಯುತ್ ಮಗ್ಗದ ಸದ್ದಿನಿಂದಲೇ ಯಾವ ಶೆಡ್ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಓಣಿಯ ತುದಿಯಿಂದ ತಿಳಿಯುತ್ತದೆ. ಡಂಜನ್ ಪುಸ್ತಕಗಳು ಬಹುಪಾಲು ಕಣ್ಣಿಗೆ ಕಾಣುವುದನ್ನೇ ವರ್ಣಿಸುತ್ತವೆ. ಕತ್ತಲಲ್ಲಿ ಕಿವಿ ಕೊಡುವ ಮಾಹಿತಿಯನ್ನು ಬರೆಯಬಲ್ಲವರು ಇಂಥ ಊರಿನವರೇ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು, ನಕ್ಷೆಯ ಹೆಣಿಗೆ ಆಟಗಾರರಿಗೆ ಎಷ್ಟು ಗೊತ್ತಾಗುತ್ತದೆ? ಸುತ್ತುದಾರಿ ಇದೆ ಎಂದು ತಿಳಿಯದವರಿಗೆ ಅದು ಇದ್ದೂ ಇಲ್ಲದಂತೆ. ಹಿಂದೆ ಆಟಗಾರರಲ್ಲಿ ಒಬ್ಬರು ಸೂತ್ರಧಾರರ ಮಾತು ಕೇಳಿ ನಕ್ಷೆ ಬರೆದುಕೊಳ್ಳುತ್ತಿದ್ದರು, ಆ ಅಭ್ಯಾಸ ಬಹುತೇಕ ಹೋಗಿದೆ. ಕಂಪ್ಯೂಟರ್ ಪರದೆಯ ಮೇಲೆ ಆಡುವವರಿಗೆ ಹೆಜ್ಜೆ ಇಟ್ಟಂತೆ ನಕ್ಷೆ ತಾನೇ ತೆರೆದುಕೊಳ್ಳುತ್ತದೆ. ಇದರಿಂದ ದಾರಿಯ ಅರಿವು ಹೆಚ್ಚುತ್ತದೆಯೇ, ಕಲ್ಪನೆ ಕುಗ್ಗುತ್ತದೆಯೇ ಎಂಬುದಕ್ಕೆ ಎರಡೂ ಕಡೆ ಅನುಭವಸ್ಥರಿದ್ದಾರೆ.

ಸಹಜತೆ ಮತ್ತು ಪಾತಾಳದ ಜಗಳವೂ ಮುಗಿದಿಲ್ಲ. ಮೇಲಿನ ಅಂತಸ್ತುಗಳು ತರ್ಕಬದ್ಧವಾಗಿರಲಿ, ಆಳಕ್ಕೆ ಹೋದಂತೆ ತರ್ಕ ಕರಗಲಿ ಎಂಬ ರಾಜಿಸೂತ್ರ ಚಲಾವಣೆಯಲ್ಲಿದೆ, ಆದರೆ ಆ ಗೆರೆ ಎಲ್ಲಿ ಎಳೆಯಬೇಕೆಂದು ಯಾರೂ ಸಮಾಧಾನಕರವಾಗಿ ಹೇಳಿಲ್ಲ. ಬೆಳಕು ಮತ್ತು ಸಮಯದ ಲೆಕ್ಕ ಉದ್ವೇಗ ತರುತ್ತದೋ ಬೇಸರ ತರುತ್ತದೋ ಎಂಬುದು ಮೇಜಿನಿಂದ ಮೇಜಿಗೆ ಬದಲಾಗುತ್ತದೆ. ದಾಳ ಹುಟ್ಟಿಸಿದ ಕೋಣೆಗೂ ಮನುಷ್ಯ ಯೋಚಿಸಿ ಬರೆದ ಕೋಣೆಗೂ ಆಟಗಾರ ವ್ಯತ್ಯಾಸ ಗುರುತಿಸಬಲ್ಲನೇ ಎಂಬುದೂ ತೆರೆದ ಪ್ರಶ್ನೆಯೇ. ನೀತಿಯ ಪ್ರಶ್ನೆಯಂತೂ ಈಗಷ್ಟೇ ಗಂಭೀರವಾಗಿ ಚರ್ಚೆಯಾಗುತ್ತಿದೆ.

ನನ್ನ ತೀರ್ಪು ಇಷ್ಟು: ಮೊದಲು ಕಟ್ಟಡದ ಉದ್ದೇಶ, ಆಮೇಲೆ ದಾರಿಗಳು, ಆಮೇಲೆ ನಡೆಯುವುದರ ಬೆಲೆ. ಕಥೆ ಕೊನೆಗೆ, ಅದನ್ನು ಆಟಗಾರರೇ ಬರೆಯುತ್ತಾರೆ. ಒಪ್ಪದವರು ಆಡಿ ತೋರಿಸಲಿ. ಮಳೆಗಾಲ ಮುಗಿದ ಮೇಲೆ ಪನ್ಹಾಳಕ್ಕೋ ಸಾಮಾನಗಡಕ್ಕೋ ಹೋಗುವ ಓದುಗರು ಒಂದು ಗ್ರಾಫ್ ಹಾಳೆ ಒಯ್ಯಿರಿ. ನೀರು ಎಲ್ಲಿದೆ ಎಂದು ಮೊದಲು ಗುರುತಿಸಿ, ಅಲ್ಲಿಂದ ಹೊರಡುವ ದಾರಿಗಳನ್ನೆಲ್ಲ ಎಣಿಸಿ, ಕೋಣೆಗಳ ವಿವರವನ್ನು ಕನ್ನಡದಲ್ಲಿ ಬರೆದು ಇನ್ನೊಬ್ಬ ಸೂತ್ರಧಾರರ ಕೈಗೆ ಕೊಡಿ.